ಅರಿಶಿನ-ಕುಂಕುಮ ಬೀಳದ ಮುಖಪುಟ

ಸರಸ್ವತಿಯ ಕಾಲಬೆರಳುಗಳನ್ನು ಕಂಪ್ಯೂಟರಿನಲ್ಲಿ ನಾನು ಎಷ್ಟು ಸಲ ತಿದ್ದಿ ಒಪ್ಪ ಮಾಡಿದ್ದೇನೋ ಲೆಕ್ಕವಿಲ್ಲ. ನಮ್ಮ ಬಡಾವಣೆಯ ಸಂಗೀತ ಸಭೆಯೊಂದು ತಿಂಗಳಿಗೊಂದು ಪತ್ರಿಕೆ ತರುತ್ತದೆ. ಅದರ ಮುಖಪುಟ ಮಾಡುವವಳು ನಾನು. ಮದುವೆಗೆ ಮುಂಚೆ ಒಂದು ಪ್ರೆಸ್ಸಿನಲ್ಲಿ ಡಿಟಿಪಿ ಕೆಲಸದಲ್ಲಿದ್ದೆ. ಮದುವೆಯಾಗಿ ಮೈಸೂರಿನ ಸರಸ್ವತಿಪುರಂಗೆ ಬಂದ ಮೇಲೆ ಕೆಲಸವೂ ಹಿಂದೆಯೇ ಬಂತು. ಊಟದ ಮೇಜಿನ ಒಂದು ತುದಿಯಲ್ಲಿ ಕಂಪ್ಯೂಟರು, ಇನ್ನೊಂದು ತುದಿಯಲ್ಲಿ ಊಟ. ಕೀಬೋರ್ಡು ಮಗುಚಿ ಕೊಡವಿದರೆ ಸಾಸಿವೆ ಉದುರುವುದು ನಮ್ಮ ಮನೆಯಲ್ಲಿ ಮಾತ್ರ ಇರಬೇಕು.

ಮುಖಪುಟ ಅಂದರೆ ನನಗದು ಉಪ್ಪಿಟ್ಟಿನ ಹಾಗೆ ಕೈಗೆ ಬಂದುಬಿಟ್ಟಿದ್ದ ಅಡುಗೆ. ನಡುವೆ ದೇವಿ, ಅವಳ ತೊಡೆಯ ಮೇಲೆ ವೀಣೆ, ಕೆಳಗೆ ತಾವರೆ, ಆಚೆ ಈಚೆ ದೀಪ. ದಸರಾ ಸಂಚಿಕೆಗೆ ಒಂದು ನವಿಲು ಹೆಚ್ಚು, ಯುಗಾದಿಗೆ ಮಾವಿನ ತೋರಣ ಹೆಚ್ಚು. ದೇವಿಯ ಪಾದದ ಕೆಳಗೆ ಸಾಲಾಗಿ ಆ ತಿಂಗಳ ವಿದ್ವಾಂಸರ ಪಾಸ್‌ಪೋರ್ಟ್ ಸೈಜಿನ ಮುಖಗಳು, ಅವೂ ಹಿರಿತನದ ಪ್ರಕಾರವೇ. ಒಮ್ಮೆ ಮೃದಂಗದವರ ಮುಖ ಹಾಡುಗಾರರ ಮುಖಕ್ಕಿಂತ ಉಗುರಿನಷ್ಟು ದೊಡ್ಡದಾಗಿ ಬಿತ್ತು. ಅವರ ಮುಖ ಇರುವುದೇ ದೊಡ್ಡದು, ನಾನೇನು ಮಾಡಲಿ. ಹಾಡುಗಾರರು ಏನೂ ಅನ್ನಲಿಲ್ಲ. ಮುಂದಿನ ಕಚೇರಿಯಲ್ಲಿ ಮೃದಂಗದವರು ಒಬ್ಬರೇ ನುಡಿಸುವ ಸರದಿ ಬಂದಾಗ, ಅವರು ಕೈ ಬಿಸಿ ಮಾಡಿಕೊಳ್ಳುವಷ್ಟರಲ್ಲೇ ಮಂಗಳ ಹಾಡಿಬಿಟ್ಟರು.

ಪತ್ರಿಕೆಯ ಸಂಪಾದಕರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಬೀದಿಗೆಲ್ಲ ಅವರು ಮೇಷ್ಟ್ರು. ನಿವೃತ್ತರಾದ ಮೇಲೆ ಬೇರೆಯವರು ವಾಕಿಂಗ್ ಹೋಗುತ್ತಾರೆ, ಇವರು ಪ್ರೂಫ್ ನೋಡುತ್ತಾರೆ. ಮದುವೆ ಕರೆಯೋಲೆ ಬಂದರೂ ಕೆಂಪು ಪೆನ್ನು ಹುಡುಕುತ್ತಾರೆ ಅಂತ ಅವರ ಹೆಂಡತಿ ಹೇಳುತ್ತಾರೆ. ಬೆಳಿಗ್ಗೆ ಸ್ನಾನ, ಸಂಧ್ಯಾವಂದನೆ, ಪತ್ರಿಕೆ. ಮಧ್ಯಾಹ್ನ ಊಟ, ಪತ್ರಿಕೆ. ಬೇರೆ ಚಟ ಇಲ್ಲ.

ಶ್ರಾವಣದ ಒಂದು ಬೆಳಿಗ್ಗೆ ಅವರು ಬಟ್ಟೆಯ ಚೀಲವೊಂದನ್ನು ಹೊತ್ತುಕೊಂಡು ಬಂದು ನಮ್ಮ ಮೇಜಿನ ಮೇಲಿಟ್ಟರು. ಒಳಗೆ ಹಿಂದಿನ ತಿಂಗಳ ಪತ್ರಿಕೆಯ ಕಟ್ಟು. ಅಂಗಡಿಗಳಿಂದ ವಾಪಸ್ ಬಂದಿದ್ದು.

"ಹುರಿದಾರ ಕೂಡ ಬಿಚ್ಚಿಲ್ಲ ಕಣಮ್ಮ," ಅಂದರು.

ನಾನು ಕಾಫಿ ಕೊಟ್ಟೆ. ಲೋಟ ಹಿಡಿದುಕೊಂಡರೇ ಹೊರತು ಕುಡಿಯಲಿಲ್ಲ. ಹಿಂದಿನ ಸಂಜೆ ಸಭೆಯ ಕಮಿಟಿ ಸೇರಿತ್ತಂತೆ. ಸದಸ್ಯರಿಗೆ ಅಂಚೆಯಲ್ಲಿ ಹೋಗುವುದು ಬಿಟ್ಟರೆ ಒಂದು ಪ್ರತಿಯನ್ನೂ ಯಾರೂ ಕೊಳ್ಳುತ್ತಿಲ್ಲ. ದಸರಾ ಸಂಚಿಕೆಯೂ ಅಂಗಡಿಯಿಂದ ಹೀಗೇ ತಿರುಗಿ ಬಂದರೆ ಅಚ್ಚು ಹಾಕುವುದನ್ನೇ ನಿಲ್ಲಿಸುವುದು ಅಂತ ತೀರ್ಮಾನ ಆಗಿತ್ತು.

"ಆಮೇಲೆ ವಾಟ್ಸಾಪಿನಲ್ಲಿ ಕಳಿಸ್ತಾರಂತೆ. ಗುಡ್ ಮಾರ್ನಿಂಗ್ ಅನ್ನೋ ಗುಲಾಬಿ ಹೂವು, ಅದರ ಕೆಳಗೆ ನಮ್ಮ ಪತ್ರಿಕೆ."

ನನ್ನ ಗಂಡ ದಿನಪತ್ರಿಕೆಯ ಹಿಂದಿನಿಂದ, "ಒಳ್ಳೇದೇ ಆಯ್ತಲ್ಲ ಮೇಷ್ಟ್ರೇ. ಅಳಿಸೋದಕ್ಕಾದ್ರೂ ಜನ ಅದನ್ನ ಮುಟ್ತಾರೆ," ಅಂದರು.

ನಾನು ಅವರತ್ತ ಕಣ್ಣು ಬಿಟ್ಟೆ. ಮೇಷ್ಟ್ರು ಬೇಜಾರು ಮಾಡಿಕೊಳ್ಳಲಿಲ್ಲ. "ಅಚ್ಚು ನಿಂತ ದಿನ ನನಗೂ ಎರಡು ಪಿನ್ ಹೊಡೆದು ಅಟ್ಟದ ಮೇಲಿಟ್ಟುಬಿಡಿ," ಅಂದರು. ನಗುತ್ತಲೇ ಅಂದು ಲೋಟವನ್ನು ಕುಡಿಯದೆ ಮೇಜಿನ ಮೇಲಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ಮುಖಪುಟ ಏನಾದ್ರೂ ಮಾಡಿ ತಾಯಿ. ಸದಸ್ಯ ಅಲ್ಲದವನೊಬ್ಬ ಅಂಗಡಿ ಮುಂದೆ ನಿಂತು ಕೈಗೆ ತಗೋಬೇಕು. ಅಷ್ಟು ಸಾಕು. ಒಳಗಿಂದು ನಾನು ನೋಡ್ಕೋತೀನಿ," ಅಂದರು.

"ಏನು ಮಾಡ್ಲಿ ಹೇಳಿ."

ಅವರು ಬಹಳ ಹೊತ್ತು ಯೋಚಿಸಿ, "ದೇವಿಗೆ ಇನ್ನೂ ಸ್ವಲ್ಪ ಚಿನ್ನದ ಬಣ್ಣ ಹಚ್ಚಿದ್ರೆ?" ಅಂದರು.

ಹಚ್ಚಿದೆ. ನವಿಲನ್ನು ಎರಡು ಮಾಡಿದೆ. ಮೈಸೂರು ಸಿಲ್ಕಿನ ಸೀರೆ ಉಡಿಸಿ, ಅಂಚಿಗೆ ಜರಿ ಎಳೆದು, ಕಿರೀಟಕ್ಕೆ ಮಿಂಚು ಕೊಟ್ಟೆ. ನೋಡಿದರೆ ಊದುಬತ್ತಿ ಪ್ಯಾಕೆಟ್ಟಿನ ಹಾಗೆ ಕಂಡಿತು. ನಮ್ಮೂರಲ್ಲಿ ಊದುಬತ್ತಿ ಪ್ಯಾಕೆಟ್ಟಿಗೇನು ಬರವೇ?

ಹಳೆಯ ಸಂಚಿಕೆಯೊಂದರಲ್ಲಿ ವೀಣೆಯ ಒಳ್ಳೆಯ ಫೋಟೋ ಇತ್ತು ಅಂತ ನೆನಪಾಯಿತು. ಕಂಪ್ಯೂಟರಿನಲ್ಲಿ ಅದು ಸಿಗಲಿಲ್ಲ. ಮನೆಗೆ ಬರುವ ಪ್ರತಿಗಳನ್ನೆಲ್ಲ ಎತ್ತಿಡುವವರು ನಮ್ಮ ಅತ್ತೆ. ಕೇಳಿದರೆ, "ದೇವರ ಮನೇಲಿವೆ, ಕೈ ತೊಳ್ಕೊಂಡು ಹೋಗು," ಅಂದರು.

ಹೋಗಿ ನೋಡಿದೆ. ಮಣೆಯ ಮೇಲೆ ಒಂದರ ಮೇಲೊಂದು ಜೋಡಿಸಿದ್ದರು. ಪ್ರತಿ ದೇವಿಯ ಹಣೆಗೂ ಕುಂಕುಮ, ನಾನು ತಿದ್ದಿ ತಿದ್ದಿ ಒಪ್ಪ ಮಾಡಿದ ಪಾದಗಳಿಗೆ ಅರಿಶಿನ, ಮೇಲೆ ಒಣಗಿದ ಸೇವಂತಿಗೆ ಎಸಳು. ತೀರ್ಥದ ಹನಿ ಬಿದ್ದು ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಅಂಚೆಯವರು ಮಡಿಸಿ ತಂದ ಮಡಿಕೆ ಬಿಟ್ಟರೆ ಇನ್ನೊಂದು ಮಡಿಕೆ ಇಲ್ಲ. ಒಂದನ್ನೂ ಯಾರೂ ತೆರೆದಿರಲಿಲ್ಲ.

"ಅತ್ತೆ, ಇದನ್ನ ನೀವು ಓದೇ ಇಲ್ವಾ?"

"ದೇವರನ್ನ ಯಾರಾದ್ರೂ ಓದ್ತಾರೇನೇ? ಕೈ ಮುಗೀತಾರೆ."

"ಒಳಗೆ ಲೇಖನ ಇದೆ."

"ಇರಲಿ, ನಾನೇನು ಬೇಡ ಅಂದ್ನಾ? ಎಲ್ಲಿ ಕೂತು ಓದ್ಲಿ ಹೇಳು. ಹಾಸಿಗೆ ಮೇಲೆ ಮಲಗಿ ಓದೋಕಾಗಲ್ಲ. ಕಾಫಿ ಲೋಟ ಮೇಲಿಡೋಕಾಗಲ್ಲ. ನಿನ್ನ ಗಂಡ ಪೇಪರ್ ಓದೋ ಜಾಗಕ್ಕಂತೂ ತಗೊಂಡ್ ಹೋಗೋಕೇ ಆಗಲ್ಲ. ಅದೂ ಅಲ್ದೆ ನಡೂಮನೇಲಿ ಬಿಟ್ರೆ ಯಾರಾದ್ರೂ ಕಾಲು ತಾಗಿಸ್ತಾರೆ."

ನನ್ನ ಗಂಡ ಪೇಪರ್ ಓದುವ ಜಾಗ ಯಾವುದು ಅಂತ ಬಿಡಿಸಿ ಹೇಳುವುದು ಬೇಡ. ಆ ಮನುಷ್ಯ ಅಲ್ಲಿ ಓದದೆ ಬಿಟ್ಟ ಅಚ್ಚಿನ ಕಾಗದ ಲೋಕದಲ್ಲಿಲ್ಲ, ನಮ್ಮ ಪತ್ರಿಕೆಯೊಂದನ್ನು ಬಿಟ್ಟು.

ಇದು ನಮ್ಮ ಮನೆಯೊಂದರ ಕಥೆಯೇ ಇರಬಹುದು ಅಂದುಕೊಂಡೆ. ಮಾರನೆಯ ದಿನ ಒಂಟಿಕೊಪ್ಪಲ್‌ನಲ್ಲಿ ಸಭೆಯ ಹಳೆಯ ಸದಸ್ಯೆಯೊಬ್ಬರ ಮನೆಗೆ ಲಕ್ಷ್ಮೀಪೂಜೆಯ ಅರಿಶಿನ-ಕುಂಕುಮಕ್ಕೆ ಹೋಗಬೇಕಿತ್ತು. ಹೋದವಳು ಕೋಸಂಬರಿ ತಿನ್ನುತ್ತಾ ಪತ್ರಿಕೆಯ ಮಾತು ತೆಗೆದೆ. ಅವರು ಎದ್ದು ನನ್ನನ್ನು ಒಳಗೆ ಕರೆದುಕೊಂಡು ಹೋದರು. ಎರಡು ಮುಖಪುಟಕ್ಕೆ ಕಟ್ಟು ಹಾಕಿಸಿ ಗೋಡೆಗೆ ತಗುಲಿಸಿದ್ದರು. ಉಳಿದವು ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ.

"ಒಂದನ್ನೂ ರದ್ದಿಗೆ ಹಾಕಿಲ್ಲ ಕಣ್ರೀ," ಅಂದರು ಹೆಮ್ಮೆಯಿಂದ.

"ಯಾವ ಲೇಖನ ಇಷ್ಟ ಆಯ್ತು?"

"ಎಲ್ಲಾನೂ," ಅಂದವರು ಬೀರುವಿನ ಕಡೆ ನೋಡಿ ಕೆನ್ನೆ ಕೆನ್ನೆ ಬಡಿದುಕೊಂಡರು.

ಬರುವಾಗ ನಮ್ಮ ಬಸ್ ಸ್ಟಾಪಿನ ಪಕ್ಕದ ಪೇಪರ್ ಅಂಗಡಿಯ ಮುಂದೆ ನಿಂತೆ. ಅಡುಗೆ ಪುಸ್ತಕ, ಸಿನಿಮಾ ವಾರಪತ್ರಿಕೆ, ಉದ್ಯೋಗದ ಪತ್ರಿಕೆ, ರಾಶಿಭವಿಷ್ಯ, ಎಲ್ಲವೂ ಹಗ್ಗಕ್ಕೆ ಕ್ಲಿಪ್ಪು ಹಾಕಿ ಒಂದರ ಮೇಲೊಂದು ಅರ್ಧ ಮುಚ್ಚಿಕೊಂಡು ನೇತಾಡುತ್ತಿದ್ದವು. ನಮ್ಮದು ಅಲ್ಲೆಲ್ಲೂ ಇರಲಿಲ್ಲ. ಕತ್ತೆತ್ತಿ ನೋಡಿದರೆ ಅಂಗಡಿಯವನ ಮನೆದೇವರ ಫೋಟೋದ ಪಕ್ಕ, ಸೀರಿಯಲ್ ಬಲ್ಬಿನ ಬೆಳಕಿನಲ್ಲಿ ಹಿಂದಿನ ಯಾವುದೋ ಸಂಚಿಕೆಯ ನಮ್ಮ ದೇವಿ ಕೂತಿದ್ದಾಳೆ. ಮುಂದೆ ಊದುಬತ್ತಿ.

"ಕೆಳಗೆ ನೇತಾಕಿದ್ರೆ ಜನರ ಚಪ್ಪಲಿ ಸಮಕ್ಕೆ ಬರ್ತದೆ ಮೇಡಂ. ಯಾಕೆ ಬೇಕು ಪಾಪ ಅಂತ ಮೇಲಾಕ್ಬುಟ್ಟೆ."

"ಯಾರೂ ಕೇಳಲ್ವಾ?"

"ಕೇಳ್ತಾರೆ. ಆ ಫೋಟೋಗೆ ಫ್ರೇಮು ಸೇರಿ ಎಷ್ಟು ಅಂತ."

ಸಂಜೆ ಮೇಷ್ಟ್ರನ್ನು ಕರೆಸಿ ಎಲ್ಲ ಹೇಳಿದೆ. ಪುಟಪುಟವನ್ನೂ ನೋಡಿ ತಿದ್ದಿದ ಮನುಷ್ಯ. ಅದು ಮಣೆಯ ಮೇಲೆ ಅರಿಶಿನ ಮೆತ್ತಿಕೊಂಡು ಕೂತಿದೆ ಅಂತ ಕೇಳಿದರೆ ಹೇಗಾಗಬೇಡ. ನನಗೂ ಹೇಳಬಾರದಿತ್ತು ಅನ್ನಿಸಿತು. ಆದರೆ ಹೇಳದೆ ಮಾಡುವ ಹಾಗಿರಲಿಲ್ಲ.

"ದೇವೀನ ತೆಗೆದುಬಿಡೋಣ ಮೇಷ್ಟ್ರೇ."

"ಸಂಗೀತ ಪತ್ರಿಕೆಯಿಂದ ಸರಸ್ವತೀನ ತೆಗೆಯೋದೇ?"

"ಅವಳಿಗೆ ಒಳಗೆ ಬೇಕಾದಷ್ಟು ಜಾಗ ಇದೆ. ಹೊಸಿಲ ಮೇಲೆ ಕೂರಿಸಿದ್ರೆ ದಾಟಿಕೊಂಡು ಒಳಗೆ ಬರೋರು ಯಾರು ಹೇಳಿ?"

ಹಾಗಾದರೆ ವೀಣೆ ಹಾಕೋಣ ಅಂದರು. ಆಯುಧಪೂಜೆಯ ದಿನ ಅದಕ್ಕೂ ಕುಂಕುಮ ಬೀಳುತ್ತದೆ. ತಂಬೂರಿ? ಅದನ್ನು ದಾಟುವ ಹಾಗಿಲ್ಲ. ಹಿರಿಯ ವಿದ್ವಾಂಸರ ಫೋಟೋ? ಅರ್ಧ ಜನ ಕಾಲಿಗೆ ಬೀಳುತ್ತಾರೆ, ಇನ್ನರ್ಧ ಜನ 'ಇವನನ್ನು ಯಾಕೆ ಹಾಕಿದರು' ಅಂತ ಮಗುಚಿಡುತ್ತಾರೆ. ಸಂಗೀತದಲ್ಲಿ ನಾವು ಕೈ ಮುಗಿಯದ ವಸ್ತು ಒಂದಾದರೂ ಇದೆಯೇ ಅಂತ ನಾನೂ ಮೇಷ್ಟ್ರೂ ಎದುರುಬದುರು ಕೂತು ಹುಡುಕಿದೆವು. ಕೇಳಿದರೆ ಸುಲಭ ಅನ್ನಿಸುತ್ತದೆ, ಹುಡುಕಲು ಹೋದರೆ ಸಿಗುವುದಿಲ್ಲ.

ನನ್ನ ಗಂಡ ಸಂಗೀತ ಕಚೇರಿಗೆ ಬರುವುದು ಸಭೆಯ ಕ್ಯಾಂಟೀನಿನ ಬೋಂಡಕ್ಕೆ. ಬೋಂಡ ಮುಗಿದ ಮೇಲೆ ಒಳಗೆ ಬಂದು ಕೂರುತ್ತಾರೆ. ಅವರು ಹುರುಳಿಕಾಯಿ ಸೋಸುತ್ತಿದ್ದವರು ತಲೆಯೆತ್ತದೆ, "ನಾನಂತೂ ಹಾಡುಗಾರರ ಫ್ಲಾಸ್ಕು ನೋಡ್ತಾ ಕೂತಿರ್ತೀನಿ," ಅಂದರು. "ಅದರೊಳಗೆ ಏನಿರತ್ತೆ ಅಂತ. ರಾಗ ಗೊತ್ತಾಗದಿದ್ರೂ ಟೈಮ್ ಪಾಸು."

"ನಮ್ಮ ಸಭೆಗೆ ಬರೋ ಆ ದೊಡ್ಡ ವಿದ್ವಾಂಸರದ್ದು ಹಾಲು-ಮೆಣಸು ಕಣೋ," ಅಂದರು ಅತ್ತೆ ಒಳಗಿನಿಂದ.

"ಹಾಲಾದ್ರೆ ಆ ಪಾಟಿ ಕಣ್ಣು ಕೆಂಪಗಾಗತ್ತೇನಮ್ಮ?"

"ನಾಲಿಗೆ ಬಿಗಿಹಿಡಿಯೋ. ಅವರು ಮಡಿವಂತರು."

"ಮಡಿವಂತರು ಅಂತಲೇ ಫ್ಲಾಸ್ಕಿನಲ್ಲಿ ತರ್ತಾರೆ. ಇಲ್ದಿದ್ರೆ ಲೋಟದಲ್ಲೇ ತರ್ತಿದ್ರು."

ಅಷ್ಟರಲ್ಲಿ ಮೇಷ್ಟ್ರು ಬಾಯಿ ಹಾಕಿದರು. ಆ ವಿದ್ವಾಂಸರದ್ದು ಶುಂಠಿ ಕಷಾಯ, ಪಲ್ಲವಿಗೆ ಮುಂಚೆ ಕುಡಿಯುವುದೇ ಅದಕ್ಕೆ ಸಾಕ್ಷಿ ಅಂತ ವಾದ. ಅಲ್ಲವೇ ಅಲ್ಲ ಅಂತ ಅತ್ತೆ. ಅವರು ದೇವರ ಮನೆಯಿಂದ ಎದ್ದೇ ಬಂದುಬಿಟ್ಟರು, ಕೈಯಲ್ಲಿ ಬತ್ತಿ ಹೊಸೆಯುವ ಹತ್ತಿ ಹಾಗೇ ಇತ್ತು. ಪಕ್ಕದ ಮನೆಯಾಕೆ ಕರಿಬೇವು ಕೇಳಲು ಬಂದವಳು ಕರಿಬೇವು ಮರೆತು, ಇನ್ನೊಬ್ಬ ಗಾಯಕಿಯ ಫ್ಲಾಸ್ಕಿನ ವಿಷಯ ತೆಗೆದಳು. ಒಲೆಯ ಮೇಲೆ ಹುಳಿ ಉಕ್ಕಿ ನೆಲಕ್ಕೆ ಹರಿಯಿತು, ಯಾರೂ ಏಳಲಿಲ್ಲ. ನಾನು ಬಟ್ಟೆ ಹಿಡಿದು ನೆಲ ಒರೆಸುತ್ತಾ, ಇದೇ ಮುಖಪುಟ ಅಂತ ನಿಶ್ಚಯ ಮಾಡಿಕೊಂಡೆ. ಇಷ್ಟು ದಿನ ನಾನು ಮಾಡಿದ ಒಂದು ಮುಖಪುಟದ ಬಗ್ಗೆಯೂ ಈ ಮನೆಯಲ್ಲಿ ಜಗಳ ಆಗಿರಲಿಲ್ಲ.

ಅಟ್ಟದಿಂದ ನಮ್ಮ ಹಳೆಯ ಸ್ಟೀಲ್ ಫ್ಲಾಸ್ಕ್ ಇಳಿಸಿದೆ. ಆಸ್ಪತ್ರೆಗೆ ಗಂಜಿ ಹೊತ್ತು, ರೈಲಿನಲ್ಲಿ ಕಾಫಿ ಹೊತ್ತು, ಸೊಂಟದಲ್ಲೊಂದು ನೆಗ್ಗು ಬಿದ್ದಿತ್ತು. ಮದುವೆಮನೆಗೆ ಹಾಸುವ ಜಮಖಾನದ ಮೇಲೆ ಅದನ್ನಿಟ್ಟು, ಬೆಳಗಿನ ಬಿಸಿಲು ಬೀಳುವ ಕಿಟಕಿಯ ಪಕ್ಕ ಫೋನಿನಲ್ಲಿ ಫೋಟೋ ತೆಗೆದೆ. ಬಿಸಿನೀರು ಹಾಕಿದರೆ ಹಬೆ ಕಾಣಲಿಲ್ಲ. ಕುದಿಯುವ ಸಾರು ಹಾಕಿದೆ, ಚೆನ್ನಾಗಿ ಕಂಡಿತು. ಫೋಟೋಗೆ ವಾಸನೆ ಇಲ್ಲದ್ದು ನಮ್ಮ ಪುಣ್ಯ.

ಪತ್ರಿಕೆಯ ಹೆಸರನ್ನು ಇಷ್ಟು ದಿನ ವೀಣೆಯ ಹಾಗೆ ಬಳುಕಿಸಿ ಬರೆಯುತ್ತಿದ್ದೆ. ಅಂಗಡಿಯಲ್ಲಿ ನಿಂತು ನೋಡಿದಾಗ ನನಗೇ ಓದಲು ಆಗಿರಲಿಲ್ಲ. ಈ ಸಲ ನೆಟ್ಟಗೆ, ದಪ್ಪಗೆ, ಹಳದಿಯಲ್ಲಿ, ತುತ್ತತುದಿಗೆ ಹಾಕಿದೆ. ಅದರ ಕೆಳಗೇ ಫ್ಲಾಸ್ಕಿನ ಬಾಯಿ ಬರುವ ಹಾಗೆ ಕೂರಿಸಿದೆ. ಅರ್ಧ ಮುಚ್ಚಿ ನೇತುಹಾಕಿದರೂ ಹಬೆ ಕಾಣಬೇಕು. ಪಕ್ಕದಲ್ಲಿ ಒಂದೇ ಸಾಲು: 'ಇದರಲ್ಲಿ ಏನಿದೆ?' ದೀಪ ಇಲ್ಲ, ತಾವರೆ ಇಲ್ಲ, ಮುಖಗಳ ಸಾಲಿಲ್ಲ. ಖಾಲಿ ಜಾಗ ನೋಡಿ ನನಗೇ ಕೈ ತುರಿಸಿತು, ಒಂದು ಸಣ್ಣ ನವಿಲುಗರಿಯಾದರೂ ಇಡೋಣ ಅಂತ. ಎದ್ದು ಹೋಗಿ ದೋಸೆಗೆ ರುಬ್ಬಿದೆ. ಹಾಗೆ ಉಳಿಯಿತು ಆ ಖಾಲಿ.

ಪ್ರಿಂಟು ತೆಗೆದು ಫ್ರಿಜ್ಜಿಗೆ ಅಂಟಿಸಿ, ಕನ್ನಡಕ ತೆಗೆದು, ಪಾತ್ರೆ ತೊಳೆಯುವ ತೊಟ್ಟಿಯಿಂದ ನೋಡಿದೆ. ಕಂಡಿತು. ಆಮೇಲೆ ಹಿತ್ತಲಿನ ಬಟ್ಟೆ ಹಗ್ಗಕ್ಕೆ ಬೇರೆ ಪತ್ರಿಕೆಗಳ ನಡುವೆ ಕ್ಲಿಪ್ಪು ಹಾಕಿ ನೇತುಹಾಕಿದೆ. ಸೊಪ್ಪಿನವಳು ಗೇಟಿನಿಂದಲೇ, "ಏನೈತೆ ಅಕ್ಕಾ ಅದ್ರೊಳಗೆ?" ಅಂದಳು. ನಾನು ಹೇಳಲಿಲ್ಲ. ಅವಳು ಕೊತ್ತಂಬರಿ ಕಟ್ಟು ಕೈಯಲ್ಲಿ ಹಿಡಿದು, ಹೇಳುವವರೆಗೂ ಕೊಡಲಿಲ್ಲ.

ಈಗ ಒಳಗೆ ಉತ್ತರ ಬೇಕಲ್ಲ. ಮೇಷ್ಟ್ರು ಒಬ್ಬೊಬ್ಬ ಗಾಯಕರ ಮನೆಗೂ ಹೋಗಿ ಕೇಳಿಕೊಂಡು ಬಂದರು. ಮೊದಲ ದಿನ ಹೆದರಿಕೊಂಡು ಹೋದವರು, ಬರಬರುತ್ತಾ ಪತ್ತೇದಾರರ ಹಾಗೆ ಕಣ್ಣು ಹೊಳೆಯಿಸಿಕೊಂಡು ಬರತೊಡಗಿದರು. ಒಬ್ಬರದ್ದು ಜೀರಿಗೆ ನೀರು. ಒಬ್ಬರದ್ದು ಗಂಟಲಿಗೆ ಒಳ್ಳೆಯದು ಅಂತ ಮೆಣಸಿನ ಹಾಲು. ಒಬ್ಬರದ್ದು ಸಕ್ಕರೆ ಸುರಿದ ಕಾಫಿ. ಅವರಿಗೆ ಸಕ್ಕರೆ ಕಾಯಿಲೆ, ಮನೆಯಲ್ಲಿ ಕೊಡುವುದಿಲ್ಲ, ವೇದಿಕೆಯ ಮೇಲೆ ಹೆಂಡತಿ ಬಂದು ಕಿತ್ತುಕೊಳ್ಳುವ ಹಾಗಿಲ್ಲ. ಒಬ್ಬ ಗಾಯಕಿಯದ್ದು ತಿಳಿಸಾರು. ಇನ್ನೊಬ್ಬರ ಫ್ಲಾಸ್ಕ್ ಖಾಲಿ. ಗುರುಗಳು ಪಕ್ಕದಲ್ಲಿ ಇಟ್ಟುಕೊಳ್ಳುತ್ತಿದ್ದರು, ಇವರೂ ಇಟ್ಟುಕೊಳ್ಳುತ್ತಾರೆ. ಗುರುಗಳದ್ದರಲ್ಲಿ ಏನಿತ್ತು ಅಂತ ಕೇಳುವ ಧೈರ್ಯ ಅವರಿಗೆ ಬರಲೇ ಇಲ್ಲ.

ಕೊನೆಗೆ ಆ ದೊಡ್ಡ ವಿದ್ವಾಂಸರು. ಅವರು ಮುನಿಸಿಕೊಂಡರೆ ಕಮಿಟಿ ಅಂದೇ ಪತ್ರಿಕೆಗೆ ಬಾಗಿಲು ಹಾಕುತ್ತಿತ್ತು. ಮೇಷ್ಟ್ರು ಹಣ್ಣು ಹಿಡಿದುಕೊಂಡು ಹೋಗಿ, ನಮಸ್ಕಾರ ಮಾಡಿ, ಬೆವರುತ್ತಾ ಕೇಳಿದರಂತೆ. ಅವರು ಸುತ್ತಮುತ್ತ ನೋಡಿ, ಬಾಗಿಲು ಮುಂದೆ ಮಾಡಿ, "ಬರೀ ಬಿಸಿನೀರು ಕಣಯ್ಯ," ಅಂದರಂತೆ. "ಆದ್ರೆ ಹಾಗಂತ ಹಾಕಬೇಡ. ಹಿಂದಿನ ಸಾಲಿನೋರು ಅದನ್ನ ನೋಡೋಕೆ ಅಂತಲೇ ಕೊನೇವರೆಗೂ ಕೂತಿರ್ತಾರೆ." ಹಾಗಾಗಿ ಅವರ ಹೆಸರಿನ ಮುಂದೆ 'ವಿದ್ವಾಂಸರು ನಕ್ಕರು' ಅಂತಷ್ಟೇ ಬಂತು.

ಕಮಿಟಿಯಲ್ಲಿ ಗಲಾಟೆ ಆಯಿತು. ನಾನೂ ಹೋಗಿದ್ದೆ. ಅಪಚಾರ ಅಂದರು ಕಾರ್ಯದರ್ಶಿ. ನವರಾತ್ರಿಯಲ್ಲಿ ಫ್ಲಾಸ್ಕು ನೋಡಿದರೆ ಸದಸ್ಯರು ಏನಂದುಕೊಳ್ಳುತ್ತಾರೆ ಅಂದರು ಖಜಾಂಚಿ. ಅಧ್ಯಕ್ಷರದ್ದು ಸ್ಟೀಲ್ ಪಾತ್ರೆ ಅಂಗಡಿ. ಅವರು ಮಾತ್ರ ಪ್ರಿಂಟನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, "ಯಾರ ಅಂಗಡಿ ಮಾಲು ಇದು?" ಅಂದರು.

"ಮನೇದು ಸರ್. ಹಳೇದು."

"ನೆಗ್ಗಿದೆಯಲ್ಲಮ್ಮ. ಸಭೆಗೆ ಮರ್ಯಾದೆ ಬೇಡವೇ? ನಾಳೆ ಹೊಸಾದು ಕಳಿಸ್ತೀನಿ, ಅದನ್ನ ಹಾಕಿ."

"ಹೊಸಾದು ಹಾಕಿದ್ರೆ ಅಂಗಡಿ ಜಾಹೀರಾತು ಅಂದ್ಕೋತಾರೆ ಸರ್. ನೆಗ್ಗಿದ್ರೇ ಒಳಗೇನೋ ಇದೆ ಅನ್ಸೋದು."

ಅವರು ನನ್ನನ್ನೂ ಫ್ಲಾಸ್ಕನ್ನೂ ಒಮ್ಮೆ ನೋಡಿ, "ಆಯ್ತು, ಹಿಂದಿನ ಪುಟಕ್ಕೆ ನಮ್ಮದು ಹಾಕ್ಕೊಳ್ಳಿ, ನೆಗ್ಗಿಲ್ಲದ್ದು," ಅಂದರು. ಅಧ್ಯಕ್ಷರು ಒಪ್ಪಿದ ಮೇಲೆ ಅಪಚಾರವೂ ಅಷ್ಟಕ್ಕೇ ತಣ್ಣಗಾಯಿತು. ಆದರೆ ಷರತ್ತು ಬದಲಾಗಲಿಲ್ಲ. ಅಂಗಡಿಯಿಂದ ಕಟ್ಟು ತಿರುಗಿ ಬಂದರೆ ಇದೇ ಕೊನೆಯ ಸಂಚಿಕೆ.

ಪತ್ರಿಕೆ ಹೊರಬಿತ್ತು. ಮೊದಲು ಬಂದದ್ದು ಸದಸ್ಯರ ಬೈಗುಳ. ಒಂಟಿಕೊಪ್ಪಲ್‌ನ ಆ ಸದಸ್ಯೆ ನನಗೆ ಫೋನ್ ಮಾಡಿ, "ಈ ಸಲ ಸರಸ್ವತಿ ಪೂಜೆಗೆ ಏನ್ರೀ ಇಡೋದು? ಫ್ಲಾಸ್ಕಿಗೆ ಹೂ ಮುಡಿಸ್ಲಾ?" ಅಂದರು. ಕೆಲವರು ಸದಸ್ಯತ್ವವೇ ಬೇಡ ಅಂದರು. ಮೇಷ್ಟ್ರು ಆ ದಿನಗಳಲ್ಲಿ ನಮ್ಮ ಮನೆಗೆ ಬರಲೇ ಇಲ್ಲ. ಅವರ ಹೆಂಡತಿ ಸಿಕ್ಕಾಗ, "ಊಟದ ಮುಂದೆ ಕೂತು ಉಪ್ಪಿದೆಯೋ ಇಲ್ವೋ ಅಂತಾನೂ ಹೇಳ್ತಿಲ್ಲ ಕಣಮ್ಮ," ಅಂದರು. ನನಗೂ ಊಟ ರುಚಿಸಲಿಲ್ಲ. ಒಬ್ಬ ಮನುಷ್ಯನ ಪತ್ರಿಕೆಯನ್ನು ಒಂದು ನೆಗ್ಗಿದ ಫ್ಲಾಸ್ಕಿನ ಮೇಲೆ ಪಣ ಇಟ್ಟುಬಿಟ್ಟೆನಲ್ಲ ಅಂತ.

ದಸರಾ ಜನಸಂದಣಿ ಕರಗಿದ ಮೇಲೆ ಅಂಗಡಿಗಳಿಂದ ಉಳಿದ ಪ್ರತಿ ತರಲು ಮೇಷ್ಟ್ರು ಹೊರಟರು. ಒಬ್ಬರೇ ಹೋಗಲು ಮನಸ್ಸು ಬರಲಿಲ್ಲವೇನೋ, ಆಟೋ ನಮ್ಮ ಗೇಟಿಗೆ ನಿಲ್ಲಿಸಿ ಹಾರನ್ ಹೊಡೆಸಿದರು. ಬಸ್ ಸ್ಟಾಪಿನ ಅಂಗಡಿಯಲ್ಲಿ ಹಗ್ಗದ ಮೇಲೆ ನಮ್ಮದು ಕಾಣಲಿಲ್ಲ. ಮೇಷ್ಟ್ರು ಕತ್ತೆತ್ತಿ ದೇವರ ಫೋಟೋದ ಪಕ್ಕ ನೋಡಿದರು. ಅಲ್ಲೂ ಇರಲಿಲ್ಲ.

"ವಾಪಸ್ ಎಲ್ಲಪ್ಪ?" ಅಂದರು, ಕ್ಷೀಣವಾಗಿ.

"ವಾಪಸ್ ಏನಿಲ್ಲ ಸಾರ್. ಒಂದಿತ್ತು, ನಾನೇ ಓದ್ತಾ ಇದ್ದೆ." ಅವನು ಕೂತ ಸ್ಟೂಲಿನ ಕೆಳಗಿನಿಂದ ಎಳೆದು ತೋರಿಸಿದ. ಮುಖಪುಟ ಅರ್ಧ ಹರಿದಿತ್ತು, ಮೇಲೆ ಚುರುಮುರಿ ಎಣ್ಣೆ, ಒಳಗಿನ ಹಾಳೆಗಳೆಲ್ಲ ಕಿವಿ ಮಡಿಸಿಕೊಂಡಿದ್ದವು. "ಆ ಖಾಲಿ ಫ್ಲಾಸ್ಕಿನೋರು ಯಾರು ಅಂತ ಹಾಕಿಲ್ಲವಲ್ಲ ಸಾರ್. ದಿನಾ ನಾಕು ಜನ ಬಂದು ನನ್ನ ಕೇಳ್ತವ್ರೆ."

ಮೇಷ್ಟ್ರು ಆ ಪ್ರತಿಯನ್ನು ಕೈಗೆ ತೆಗೆದುಕೊಂಡು ಮಡಿಸಿದ ಹಾಳೆಯೊಂದನ್ನು ಹೆಬ್ಬೆರಳಿನಿಂದ ನೇರ ಮಾಡಿದರು. ಮತ್ತೆ ಮಡಿಸಿದರು. ಬೇರೆ ಅಂಗಡಿಗಳಲ್ಲೂ ಹೆಚ್ಚುಕಡಿಮೆ ಇದೇ. ಕಟ್ಟು ಬಿಚ್ಚದ ಅಂಗಡಿ ಒಂದೂ ಇರಲಿಲ್ಲ. ಅಚ್ಚು ನಿಲ್ಲಿಸುವ ಮಾತನ್ನು ಕಮಿಟಿ ಮುಂದಕ್ಕೆ ಹಾಕಿತು. ಮುಂದಕ್ಕೆ ಹಾಕಿದ್ದನ್ನು ನಮ್ಮ ಕಮಿಟಿ ಮತ್ತೆ ಎತ್ತಿಕೊಂಡ ಚರಿತ್ರೆ ಇಲ್ಲ.

ಆ ವಾರವೇ ಒಂದು ಬೆಳಿಗ್ಗೆ ಮೇಷ್ಟ್ರು ಮುಂದಿನ ಸಂಚಿಕೆಯ ಪ್ರೂಫ್ ಹಿಡಿದುಕೊಂಡು ನಮ್ಮಲ್ಲಿ ಕೂತಿದ್ದಾಗ ಅವರ ಫೋನ್ ಬಡಿದುಕೊಂಡಿತು. ಗೊತ್ತಿಲ್ಲದ ನಂಬರು. ಎತ್ತಿದರೆ ಹಿನಕಲ್ ಕಡೆಯ ಯಾರೋ ಒಬ್ಬರು, ಗಂಟಲು ನಮಗೆಲ್ಲ ಕೇಳುವಷ್ಟು ದೊಡ್ಡದು. ಮೆಣಸಿನ ಹಾಲು ಗಂಟಲಿಗೆ ಒಳ್ಳೆಯದು ಅಂತ ಬರೆದವರಿಗೆ ಬುದ್ಧಿ ಇದೆಯೇ, ಅದು ಕಫ ಕಟ್ಟುತ್ತದೆ, ನಮ್ಮ ತಾತ ಭಜನೆ ಹಾಡುತ್ತಿದ್ದರು, ಅವರಿಗಿಂತ ಹೆಚ್ಚು ತಿಳಿದವರೋ ನೀವು ಅಂತ ಒಂದೇ ಸಮ ಬಯ್ಯುತ್ತಿದ್ದರು. ಅದರ ಮುಂದಿನ ಲೇಖನವಂತೂ ಗೂಡ್ಸ್ ರೈಲಿನ ಹಾಗೆ ಮುಗಿಯುವುದೇ ಇಲ್ಲ, ಯಾರ್ರೀ ಬರೆದದ್ದು ಅಂದರು.

ಬರೆದದ್ದು ಮೇಷ್ಟ್ರೇ. ತಂಬೂರಿಯ ಶ್ರುತಿಯ ಬಗ್ಗೆ.

ನನ್ನ ಗಂಡ ಪೇಪರು ಕೆಳಗಿಟ್ಟರು. ಮೇಷ್ಟ್ರ ಮುಖ ಕೆಂಪಾಗಿ, ಅವರು ಕುರ್ಚಿಯ ತುದಿಗೆ ಬಂದು, ಫೋನನ್ನು ಕಿವಿಗೆ ಒತ್ತಿ ಹಿಡಿದರು.

"ಸ್ವಾಮಿ, ಅದನ್ನ ಕೊನೇವರೆಗೂ ಓದಿದ್ರಾ?"

ಓದಿದ್ದಕ್ಕೇ ಹೇಳುತ್ತಿದ್ದೇನೆ ಅಂದಿತು ಆ ಕಡೆಯ ಗಂಟಲು, ಎರಡು ಸಲ ಓದಿದೆ, ಎರಡು ಸಲವೂ ನಿದ್ದೆ ಬಂತು.

ಮೇಷ್ಟ್ರು ಕಾಫಿ ಲೋಟವನ್ನು ದೂರ ಸರಿಸಿ ಮೇಜಿನ ಮೇಲೆ ಪೆನ್ನು ತಡಕಿದರು. "ಎಲ್ಲಿಂದ ಬಂತು ನಿದ್ದೆ? ಯಾವ ಪ್ಯಾರಾದಿಂದ? ತಡೀರಿ ತಡೀರಿ, ಫೋನ್ ಇಡಬೇಡಿ, ಬರ್ಕೋತೀನಿ."